ಕಂಸಾಳೆ ಕಲಿಸಲು ಹೋಗಿ

ಪುಣೆಯ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಬೀಸು ಕಂಸಾಳೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಭರತನಾಟ್ಯವಾಗಿದ್ದರೆ ಗುರುಗಳನ್ನು ಹುಡುಕುತ್ತಿದ್ದೆವು. ಜಾನಪದ ತಾನೇ, ವಿಡಿಯೊ ನೋಡಿ ಕಲಿಸಿದರಾಯಿತು ಎಂದುಕೊಂಡೆ. ಹಾಡು ಮೊಬೈಲಿನಲ್ಲಿ, ಎಣಿಕೆ ನನ್ನ ಬಾಯಲ್ಲಿ. ಎರಡು ವಾರವಾದರೂ ಮಕ್ಕಳ ಹೆಜ್ಜೆ ಒಂದು ಕಡೆ, ತಾಳ ಇನ್ನೊಂದು ಕಡೆ.

ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದಿದ್ದ ಕೊಳ್ಳೇಗಾಲದ ಕಡೆಯವರೊಬ್ಬರು ಬಾಗಿಲಲ್ಲೇ ನಿಂತು ನೋಡಿದರು. “ತಪ್ಪು ತಿಳ್ಕಬೇಡಿ ಮೇಡಂ, ಒಂದ್ಸಲ ಇಲ್ಲಿ ಕೊಡಿ” ಎಂದರು. ಬಟ್ಟಲಿನಂಥ ತಾಳವನ್ನು ಎಡ ಅಂಗೈಯಲ್ಲಿ ಕೂರಿಸಿ, ದಾರ ಕಟ್ಟಿದ ಚಪ್ಪಟೆ ತಾಳವನ್ನು ಬಲಗೈಯಿಂದ ಬೀಸುತ್ತ, ತಾವೇ ಮಾದಪ್ಪನ ಪದ ಹೇಳತೊಡಗಿದರು. ಎಣಿಕೆಯೇ ಇಲ್ಲ, ಪದವೇ ಹೆಜ್ಜೆ ಹಾಕಿಸುತ್ತಿತ್ತು. ಮುಗಿದ ಮೇಲೆ ಕಂಸಾಳೆಯನ್ನು ಕಣ್ಣಿಗೊತ್ತಿಕೊಂಡರು. ಮಲೆ ಮಹದೇಶ್ವರನ ದೇವರಗುಡ್ಡರು ದೀಕ್ಷೆ ಪಡೆದು ಹಿಡಿಯುವ ವಾದ್ಯವದು. ನಾನು ಅದನ್ನು ಕೋಲಾಟದ ಕೋಲುಗಳ ಜೊತೆ ಚೀಲದಲ್ಲಿ ತುರುಕಿಟ್ಟಿದ್ದೆ!

ಮರುದಿನದಿಂದ ಅವರೇ ಕಲಿಸಿದರು. ನಾನು ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು ಕಲಿತೆ. ನಿಮ್ಮ ಸಂಘದಲ್ಲೂ ನವೆಂಬರಿನ ತಯಾರಿ ನಡೆದಿದ್ದರೆ, ವಿಡಿಯೊ ಹುಡುಕುವ ಮುನ್ನ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬಲ್ಲವರಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡಿ.