ನಾಲಗೆಯನ್ನೆತ್ತಿ ನೋಡಿದವರಾರು?



ಸ್ತನ್ಯಪಾನ ಸಪ್ತಾಹದ ನಿಮಿತ್ತ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ಇಂದಿನ ತಾಯಂದಿರು ಸಹನೆಯಿಲ್ಲದವರಾಗಿ, ಹೆತ್ತು ಹದಿನೈದು ದಿನ ಕಳೆಯುವುದರೊಳಗೆ ಡಬ್ಬಿಯ ಹಾಲಿಗೆ ಕೈಚಾಚುತ್ತಾರೆಂದು ಆಕ್ಷೇಪಿಸಿದ್ದನ್ನು ಓದಿ, ಮೂವತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ, ಈಗ ಮಗಳ ಬಾಣಂತನ ಮುಗಿಸಿ ಕುಳಿತಿರುವ ನಾನು ಸುಮ್ಮನಿರಲಾರದೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಮಗಳ ಕೂಸು ಮೊಲೆಗೆ ಹಚ್ಚಿದರೆ ಒಂದು ಗಂಟೆಯ ಹೊತ್ತು ಚೀಪುತ್ತ, ನಡುನಡುವೆ ಹಿಡಿತ ತಪ್ಪಿ ಲೊಟಕ್ಕೆಂದು ಸದ್ದು ಮಾಡುತ್ತ, ಕಟಬಾಯಿಯಿಂದ ಹಾಲು ಸೋರಿಸಿಕೊಂಡು, ಹೊಟ್ಟೆ ತುಂಬುವುದಕ್ಕೆ ಮುಂಚೆಯೇ ದಣಿದು ನಿದ್ದೆಹೋಗಿ, ತೊಟ್ಟಿಲಿಗೆ ಹಾಕಿದ ಹತ್ತು ನಿಮಿಷಕ್ಕೆ ಮತ್ತೆ ಚೀರುತ್ತಿತ್ತು. ತಾಯಿಯ ಮೊಲೆತೊಟ್ಟು ಹಿಂಡಿದಂತೆ ಚಪ್ಪಟೆಯಾಗಿ, ಒಡೆದು, ರಕ್ತ ಜಿನುಗುತ್ತಿತ್ತು. ಹಾಲು ಸಾಲದೆಂದು ತೀರ್ಪು ಕೊಟ್ಟವರಲ್ಲಿ ನಾನೇ ಮೊದಲಿಗಳು. ಸಬ್ಬಸಿಗೆ ಸೊಪ್ಪಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಯಾವುದನ್ನೂ ಬಿಡಲಿಲ್ಲ. ಹೆರಿಗೆಯಾದ ಆಸ್ಪತ್ರೆಯವರಾದರೋ ಕೂಸಿನ ತೂಕವನ್ನು ನೋಡಿದರೇ ಹೊರತು ಬಾಯಿಯನ್ನು ನೋಡದೆ, ಡಬ್ಬಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಇಪ್ಪತ್ತೆರಡನೆಯ ದಿನ ಕೂಸನ್ನು ನೋಡಲು ಬಂದ ನೆರೆಮನೆಯ ವೃದ್ಧೆ, ಒಂದು ಕಾಲದಲ್ಲಿ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಅದು ಅಳುವಾಗ ಬಗ್ಗಿ ನೋಡಿ, ಕೈ ತೊಳೆದುಬಂದು, ಕಿರುಬೆರಳನ್ನು ನಾಲಗೆಯ ಕೆಳಗೆ ಅತ್ತಿಂದಿತ್ತ ಸರಿಸಿ, "ಹಾಲಿಗೇನೂ ಬರವಿಲ್ಲ ಕಣಮ್ಮ, ನಾಲಗೆ ಕಟ್ಟಿಕೊಂಡಿದೆ" ಎಂದರು. ನಾನೂ ನೋಡಿದೆ: ಅಳುವಾಗ ನಾಲಗೆಯ ತುದಿ ಮೇಲೇಳದೆ, ವೀಳ್ಯದೆಲೆಯ ತೊಟ್ಟಿನ ಕಡೆಯಂತೆ ನಡುವೆ ಕುಳಿಬಿದ್ದು, ಅದರ ಅಡಿಯಿಂದ ಬಿಳಿಯ ತೆಳುಪೊರೆಯೊಂದು ದಾರದಂತೆ ಬಿಗಿದು ಒಸಡಿನ ಹಿಂಭಾಗಕ್ಕೆ ಹತ್ತಿಕೊಂಡಿತ್ತು.

ಈ ಪೊರೆ ಎಲ್ಲರ ನಾಲಗೆಯ ಕೆಳಗೂ ಇರತಕ್ಕದ್ದೇ. ಅದು ಗಿಡ್ಡವಾಗಿಯೋ ಬಿಗಿಯಾಗಿಯೋ ಇದ್ದಾಗ, ಕೂಸು ನಾಲಗೆಯನ್ನು ಕೆಳ ಒಸಡಿನ ಮೇಲಕ್ಕೆ ಚಾಚಿ ಮೊಲೆಯನ್ನು ಬಾಯ್ತುಂಬ ಹಿಡಿಯಲಾರದೆ, ಬರಿಯ ಒಸಡಿನಿಂದ ತೊಟ್ಟನ್ನು ಅಗಿಯುವಂತಾಗುತ್ತದೆ. ಮಕ್ಕಳ ಶಸ್ತ್ರವೈದ್ಯರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಸಿ, ಕತ್ತರಿಯಿಂದ ಆ ಪೊರೆಯನ್ನು ಬಿಡಿಸಿದ್ದು ಕ್ಷಣಮಾತ್ರದ ಕೆಲಸ. ಒಂದೆರಡು ಹನಿ ರಕ್ತ, ಒಡನೆಯೇ ತಾಯಿಯ ಮೊಲೆ. ಹಾಗೆಂದು ಕಂಡಕಂಡ ನಾಲಗೆಗೆಲ್ಲ ಕತ್ತರಿ ಹಾಕಿಸಿರೆಂದು ನಾನು ಹೇಳಿದಂತೆ ಭಾವಿಸಬಾರದು. ಕೂಸನ್ನು ಹಿಡಿಯುವ ರೀತಿಯನ್ನು ತಿದ್ದಿದರೇ ಸರಿಹೋಗುವ ಪ್ರಸಂಗಗಳು ಬಹಳವಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2024ರಲ್ಲಿ, ಈ ಶಸ್ತ್ರಕ್ರಿಯೆ ಅಗತ್ಯಕ್ಕೆ ಮೀರಿ ನಡೆಯುತ್ತಿದೆಯೆಂದು ಎಚ್ಚರಿಸಿದೆ. ತುಟಿಯ ಕಟ್ಟು, ಕೆನ್ನೆಯ ಕಟ್ಟು ಎಂದೆಲ್ಲ ಹೆಸರಿಟ್ಟು ಲೇಸರಿಗೆ ಹಣ ಕೀಳುವವರ ಕಡೆಯವಳು ನಾನಲ್ಲ.

ಹಾಲು ಸಾಲದೆಂದ ಈ ತಪ್ಪಿಗಿಂತ ಹಳೆಯದೊಂದು ತಪ್ಪು ನನ್ನ ಮನಸ್ಸನ್ನು ಕೊರೆಯುತ್ತಿದೆ. ಎರಡನೆಯ ತರಗತಿಯಲ್ಲಿ ನನ್ನಲ್ಲಿ ಓದುತ್ತಿದ್ದ ಹುಡುಗನೊಬ್ಬ 'ಕರಡಿ' ಎನ್ನಹೋಗಿ 'ಕಯದಿ' ಎನ್ನುತ್ತಿದ್ದ. ಮ, ಪ, ಕ, ಗಗಳಲ್ಲಿ ಯಾವ ತೊಡಕೂ ಇಲ್ಲದೆ, ನಾಲಗೆಯ ತುದಿಯನ್ನು ಎತ್ತಿಯೋ ಮಡಿಸಿಯೋ ನುಡಿಯಬೇಕಾದ ರ, ಡ, ಣ, ಳಗಳಲ್ಲಿ ಮಾತ್ರ ಎಡವುತ್ತಿದ್ದ. ಬೆಲ್ಲದ ಮಿಠಾಯಿ ತಿಂದರೆ ತುಟಿಗೆ ಹತ್ತಿದ್ದನ್ನು ನೆಕ್ಕಲಾರದೆ ಬೆರಳಿನಿಂದ ಒರೆಸಿಕೊಳ್ಳುತ್ತಿದ್ದ. ಅವನ ಅಜ್ಜಿ ಬಜೆಯನ್ನು ತೇಯ್ದು ನಾಲಗೆಗೆ ಹಚ್ಚಿದ್ದೂ ಹಚ್ಚಿದ್ದೇ. "ನಾಲಗೆ ಹೊರಳುವುದಿಲ್ಲವೇನೋ?" ಎಂದು ತರಗತಿಯ ಮುಂದೆ ದಿನವೂ ಗದರಿಸಿದ ನನಗೆ, ನನ್ನ ಬೈಗುಳ ಅಕ್ಷರಶಃ ನಿಜವಿರಬಹುದೆಂದು, ಆ ನಾಲಗೆಯನ್ನೊಮ್ಮೆ ಎತ್ತಿಸಿ ನೋಡಬೇಕೆಂದು ತೋಚಲಿಲ್ಲ. ಮಾತೇ ಬಾರದ ಮಗುವಿಗೆ ನಾಲಗೆಯ ಕಟ್ಟು ಕಾರಣವಲ್ಲ, ಅಂಥ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕೆಂಬುದನ್ನೂ ನಾನು ತಿಳಿದದ್ದು ಆಮೇಲೆ. ಎರಡನ್ನೂ ಬಲ್ಲವರು ನಮ್ಮ ಮೈಸೂರಿನಲ್ಲಿಯೇ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, 1965ರಿಂದ ಇದ್ದಾರೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳಲ್ಲಿ ಪರೀಕ್ಷಿಸುವ ದೋಷಗಳ ಪಟ್ಟಿಯಲ್ಲಿ ಸೀಳುತುಟಿಯುಂಟು, ಸೊಟ್ಟಪಾದವುಂಟು. ನಾಲಗೆಯ ಕಟ್ಟಿಗೆ ಅಲ್ಲಿ ಎಡೆಯಿಲ್ಲ. ಬ್ರೆಜಿಲ್ ದೇಶವು 2014ರಲ್ಲಿ, ಹುಟ್ಟಿದ ಪ್ರತಿಯೊಂದು ಶಿಶುವಿನ ನಾಲಗೆಯನ್ನೂ ಆಸ್ಪತ್ರೆಯಲ್ಲಿಯೇ ಪರೀಕ್ಷಿಸತಕ್ಕದ್ದೆಂದು ಕಾಯಿದೆ ಮಾಡಿತು. ನಾನು ಕಾಯಿದೆಯನ್ನು ಬೇಡುವವಳಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ಬಂದು ಕೂಸನ್ನು ತೂಗಿ, ಮೈಬಿಸಿ ನೋಡಿ ಹೋಗುತ್ತಾಳಷ್ಟೆ. ತಾಯಿ ನೋವೆಂದಾಗ, ತೂಕ ಏರದಿದ್ದಾಗ, ಆಕೆ ಹಾಲೂಡುವುದನ್ನು ಒಂದು ಸಲ ಕುಳಿತು ನೋಡಿ, ಕೂಸಿನ ಬಾಯಿಯನ್ನೂ ನೋಡಿ ವೈದ್ಯರಲ್ಲಿಗೆ ಕಳುಹಿಸುವಂತೆ ಕಾರ್ಯಕರ್ತೆಗೆ ಕಲಿಸಲಿ, ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲನ್ನು ಸೇರಿಸಲಿ ಎಂದು ಆರೋಗ್ಯ ಇಲಾಖೆಯನ್ನು ಪ್ರಾರ್ಥಿಸುತ್ತೇನೆ. ತಮ್ಮ ಲೇಖಕರು ಮುಂದಿನ ಆಗಸ್ಟಿನಲ್ಲಿ ತಾಯಂದಿರ ಸಹನೆಯನ್ನು ಕುರಿತು ಮತ್ತೆ ಬರೆಯುವುದಾದರೆ, ಅದಕ್ಕೆ ಮುಂಚೆ ಒಂದು ರಾತ್ರಿ ಬಾಣಂತಿಯ ಕೋಣೆಯ ಹೊರಗೆ ಕುಳಿತು ಆ ಲೊಟಕ್ಕೆಂಬ ಸದ್ದನ್ನು ಕೇಳಿಬರಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ಮೈಸೂರು