ಮತ ಕೇಳಲು ಬಂದವರನ್ನು ಕೇಳಬೇಕಾದ ಪ್ರಶ್ನೆ

ಊರಿನಲ್ಲಿ ಚುನಾವಣೆ ಘೋಷಣೆಯಾದರೆ ಕುವೈತಿನ ನಮ್ಮ ಕೋಣೆಗಳಲ್ಲಿಯೂ ಅದರದೇ ಮಾತು. ಶುಕ್ರವಾರ ಮನೆಗೆ ಕರೆ ಮಾಡಿದಾಗ, ಮತ ಕೇಳಲು ಯಾರು ಬಂದಿದ್ದರು, ಏನು ಭರವಸೆ ಕೊಟ್ಟರು ಎಂದು ವಿಚಾರಿಸುತ್ತೇವೆ. ರಸ್ತೆ, ಕುಡಿಯುವ ನೀರು, ಪಿಂಚಣಿ ಎಲ್ಲವೂ ಪ್ರಸ್ತಾಪವಾಗುತ್ತವೆ. ನ್ಯಾಯಾಲಯದಲ್ಲಿ ನೊಂದವರ ಪರವಾಗಿ ನಿಲ್ಲಬೇಕಾದ ಸರ್ಕಾರಿ ಅಭಿಯೋಜಕರ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಗಲ್ಫ್ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ನನ್ನೂರಿನ ಯುವಕನೊಬ್ಬ ಸಾಲ ಮಾಡಿ, ಏಜೆಂಟನ ಕೈಗೆ ಹಣವಿತ್ತು ಇಲ್ಲಿಗೆ ಬಂದ. ಹೇಳಿದ ಕೆಲಸವೂ ಇರಲಿಲ್ಲ, ಹೇಳಿದ ಸಂಬಳವೂ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿ ದೂರು ಕೊಟ್ಟ, ಆರೋಪಪಟ್ಟಿಯೂ ಸಲ್ಲಿಕೆಯಾಯಿತು. ಆ ಬಳಿಕ ವಾಯಿದೆಯ ಮೇಲೆ ವಾಯಿದೆ. ಸಾಲ ತೀರಿಸಲು ಅವನು ಮತ್ತೆ ವಿದೇಶಕ್ಕೆ ಹೊರಟ. ಮುಖ್ಯ ಸಾಕ್ಷಿಯೇ ಊರಲ್ಲಿಲ್ಲವೆಂದು ಪ್ರಕರಣ ಅಲ್ಲೇ ನಿಂತಿದೆ. ಅದು ಎಲ್ಲಿಗೆ ಬಂತೆಂದು ಅವನ ತಾಯಿಗೆ ಹೇಳುವವರಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ದೂರುದಾರ ಸಾಕ್ಷಿ ಮಾತ್ರ. ಅದನ್ನು ನಡೆಸುವುದು ಸರ್ಕಾರ, ಸರ್ಕಾರದ ಧ್ವನಿ ಅಭಿಯೋಜಕರು. ವಿದೇಶದಲ್ಲಿರುವ ಸಾಕ್ಷಿಯನ್ನು ವಿಡಿಯೊ ಮೂಲಕ ವಿಚಾರಿಸಲು ಅವಕಾಶವುಂಟು. ಆದರೆ ಅದನ್ನು ಯಾರಾದರೂ ಕೋರಬೇಕಲ್ಲ!

2024ರ ಜೂನ್ 12ರಂದು ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಹತ್ತಾರು ಭಾರತೀಯರು ಪ್ರಾಣ ಕಳೆದುಕೊಂಡರು. ಕುವೈತಿನ ಸಾರ್ವಜನಿಕ ಅಭಿಯೋಜನಾ ಇಲಾಖೆ ತನಿಖೆ ಕೈಗೆತ್ತಿಕೊಂಡು ಕೆಲವರ ಬಂಧನಕ್ಕೆ ಆದೇಶಿಸಿತು. ನಾವು ಅದನ್ನು ಪತ್ರಿಕೆಗಳಲ್ಲಿ ಓದಿ ತಿಳಿದೆವು. ಈ ನಾಡಿನಲ್ಲಿ ನಮಗೆ ಮತವಿಲ್ಲ, ಪ್ರಶ್ನಿಸುವ ಅಧಿಕಾರವೂ ಇಲ್ಲ. ಊರಿನಲ್ಲಿ ಅದು ಇದೆ; ಬಳಸುತ್ತಿಲ್ಲ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸ್ಥಳೀಯ ಅಭಿಯೋಜಕರನ್ನು ಜನರೇ ಆರಿಸುತ್ತಾರೆ. ನಮ್ಮಲ್ಲಿ ಅವರನ್ನು ನೇಮಿಸುವುದು ರಾಜ್ಯ ಸರ್ಕಾರ; ಆ ಸರ್ಕಾರವನ್ನು ಆರಿಸುವವರು ನಾವು. ಈ ನಂಟು ಎಷ್ಟು ಗಟ್ಟಿಯೆಂಬುದು ಪ್ರಕರಣ ಹಿಂಪಡೆಯುವಾಗ ಕಾಣುತ್ತದೆ. ಸಚಿವರು, ಶಾಸಕರ ಮೇಲಿನವೂ ಸೇರಿದಂತೆ 61 ಪ್ರಕರಣಗಳನ್ನು ಹಿಂಪಡೆಯಲು 2020ರಲ್ಲಿ ಅಂದಿನ ಬಿಜೆಪಿ ಸರ್ಕಾರ ಆದೇಶಿಸಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ, ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಆ ಆದೇಶವನ್ನೂ ಹೈಕೋರ್ಟ್ ರದ್ದುಗೊಳಿಸಿತು. ಪಕ್ಷ ಬದಲಾದರೂ ಚಾಳಿ ಬದಲಾಗಲಿಲ್ಲ. ಎರಡೂ ಬಾರಿ ತಡೆದದ್ದು ನ್ಯಾಯಾಲಯವೇ ಹೊರತು ಮತದಾರರಲ್ಲ.

ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ನೊಂದವರ ಮಾತು ಕೇಳದೆ ಪ್ರಕರಣ ಹಿಂಪಡೆಯಲು ನ್ಯಾಯಾಲಯ ಒಪ್ಪುವಂತಿಲ್ಲ. 1983ರ ವಲಸೆ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು; ಆದರೆ ಮೋಸಹೋದ ವಲಸಿಗನೇ, ಇಲ್ಲವೇ ಅವನ ಪರವಾಗಿ ತಂದೆ, ತಾಯಿ, ಪತಿ, ಪತ್ನಿ, ಮಕ್ಕಳು, ಒಡಹುಟ್ಟಿದವರು ದೂರು ಸಲ್ಲಿಸಿದರೆ ಆ ಅನುಮತಿ ಬೇಕಿಲ್ಲ. ಹೊರಡಲು ಸಿದ್ಧರಾಗಿರುವವರು ಇದನ್ನು ಮನೆಯವರಿಗೆ ತಿಳಿಸಿಯೇ ವಿಮಾನ ಹತ್ತಬೇಕು. ಏಜೆಂಟನ ನೋಂದಣಿಯನ್ನು ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಿ, ಕೊಟ್ಟ ಹಣಕ್ಕೆ ರಸೀದಿ ಪಡೆದು ಮನೆಯಲ್ಲಿರಿಸುವುದೂ ಅಷ್ಟೇ ಅಗತ್ಯ.

ಅನಿವಾಸಿಗಳು ನಮೂನೆ 6ಎ ತುಂಬಿ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಹೋಗಬೇಕು. ರಜೆ, ಟಿಕೆಟ್ ದರ ಬಲ್ಲವರಿಗೆ ಅದರ ಕಷ್ಟ ಗೊತ್ತು. ಆದ್ದರಿಂದ ಈ ಹೊಣೆ ಊರಿನಲ್ಲಿರುವ ನಿಮ್ಮದು. ಅಂಗಳಕ್ಕೆ ಬಂದ ಅಭ್ಯರ್ಥಿಯನ್ನು ಕೇಳಿ: ನಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ಅಭಿಯೋಜಕರ ಹುದ್ದೆ ಖಾಲಿ ಇದೆಯೇ? ವೀಸಾ ವಂಚನೆಯ ಪ್ರಕರಣಗಳಲ್ಲಿ ಎಷ್ಟು ಇತ್ಯರ್ಥವಾದವು, ಎಷ್ಟರಲ್ಲಿ ಶಿಕ್ಷೆಯಾಯಿತು? ಯಾವ ಪ್ರಕರಣಗಳನ್ನು ಹಿಂಪಡೆಯಲು ನಿಮ್ಮ ಪಕ್ಷ ಒಪ್ಪಿತು?

ಇಂಥ ತೀರ್ಪೇ ಬರಬೇಕೆಂದು ಅಭಿಯೋಜಕರನ್ನು ಒತ್ತಾಯಿಸುವುದು ತಪ್ಪು. ಅವರು ಸ್ವತಂತ್ರರಾಗಿಯೇ ಇರಬೇಕು. ಆದರೆ ಕೆಲಸದ ಲೆಕ್ಕ ಕೇಳುವುದು ತಪ್ಪಲ್ಲ. ಆ ತಾಯಿ ಕೇಳುತ್ತಿರುವುದೂ ಅಷ್ಟನ್ನೇ.