ಒಣಗಿದ ಹಾವಸೆಯೂ ಡೇಟಾನೇ

ಡೇಟಾ ಅಂದ್ರೆ ನಮಗೆ ತಟ್ಟನೆ ನೆನಪಾಗೋದು ಸೆನ್ಸರ್, ಸರ್ವರ್, ಎಕ್ಸೆಲ್ ಶೀಟ್. ಹಾಗಾದ್ರೆ ಸೆನ್ಸರ್‌ಗಳೇ ಇಲ್ಲದ ಕಾಲದಲ್ಲಿ ಗಾಳಿ ಎಷ್ಟು ಮಲಿನವಾಗಿತ್ತು ಅಂತ ತಿಳಿಯೋದು ಹೇಗೆ?

ಸ್ವೀಡನ್‌ನ ರ‍್ಯೂಲಿಂಗ್ ಮತ್ತು ಟೈಲರ್ ಎಂಬ ವಿಜ್ಞಾನಿಗಳು 1968ರಲ್ಲಿ ಇದಕ್ಕೆ ಉತ್ತರ ಹುಡುಕಿದ್ದು ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹದಲ್ಲಿ. ಹೈಲೊಕೋಮಿಯಂ ಸ್ಪ್ಲೆಂಡೆನ್ಸ್‌ನಂಥ ಕಾಡಿನ ಹಾವಸೆಗಳಿಗೆ ನಿಜವಾದ ಬೇರಿಲ್ಲ. ಅವು ನೀರು, ಲವಣಗಳನ್ನು ಹೆಚ್ಚಾಗಿ ಮಳೆ ಮತ್ತು ಧೂಳಿನಿಂದಲೇ ಪಡೀತವೆ. ಜೊತೆಗೆ ಬಂದ ಸೀಸವೂ ಅವುಗಳಲ್ಲೇ ಉಳಿಯುತ್ತೆ. 1860ರಿಂದೀಚಿನ ಮಾದರಿಗಳನ್ನು ಪರೀಕ್ಷಿಸಿದಾಗ ಸೀಸ ಎರಡು ಸಲ ಏರಿದ್ದು ಕಾಣಿಸಿತು. ಮೊದಲನೆಯದು 19ನೇ ಶತಮಾನದ ಕೊನೆಯಲ್ಲಿ, ಕಲ್ಲಿದ್ದಲು ಮತ್ತು ಕೈಗಾರಿಕೆಯಿಂದ. ಎರಡನೆಯದು 20ನೇ ಶತಮಾನದ ಮಧ್ಯದ ನಂತರ, ಸೀಸ ಬೆರೆಸಿದ ಪೆಟ್ರೋಲ್‌ನಿಂದ.

ಅವುಗಳಲ್ಲಿ ಅತಿ ಹಳೆಯ ಹಾವಸೆಗಳನ್ನು ಕಿತ್ತು ತಂದವರಿಗೆ ಪೆಟ್ರೋಲ್ ಕಾರಿನ ಕಲ್ಪನೆಯೂ ಇರಲಿಲ್ಲ. ಆದ್ರೂ ಪೊಟ್ಟಣದ ಮೇಲೆ ಜಾತಿ, ಜಾಗ, ದಿನಾಂಕ, ತಂದವರ ಹೆಸರು ಬರೆದಿಟ್ಟರು. ಆ ನಾಲ್ಕು ಸಾಲು ಇಲ್ಲದಿದ್ದರೆ ಅದು ಬರೀ ಕಸ.

‘ಎಲ್ಲಾ ಸ್ಕ್ಯಾನ್ ಮಾಡಿ, ಹಳೇ ಪೊಟ್ಟಣ ಎಸೆದುಬಿಡಿ’ ಅನ್ನೋ ವಾದವನ್ನು ನಾವು ಒಪ್ಪಲ್ಲ. ಫೋಟೋದಿಂದ ಸೀಸ ಅಳೆಯೋಕೆ ಆಗಲ್ಲ. ಚೀಟಿ ಸ್ಕ್ಯಾನ್ ಆಗಲಿ, ಮಾದರಿಯೂ ಉಳಿಯಲಿ.

ನಮ್ಮ ಪ್ರಾಜೆಕ್ಟ್‌ಗಳಿಗೂ ಇದೇ ನಿಯಮ ಬೇಕು. ಎಲ್ಲಿ, ಯಾವಾಗ, ಯಾವ ಉಪಕರಣದಿಂದ, ಯಾರು ಅಳೆದರು ಅನ್ನೋದಿಲ್ಲದ ರೀಡಿಂಗ್‌ಗೆ ಅಂಕ ಕೊಡಬಾರದು. ಮುಂದೆ ಅದನ್ನು ಯಾರು, ಯಾವ ಪ್ರಶ್ನೆ ಹಿಡಿದು ತೆರೀತಾರೋ ಇವತ್ತು ನಮಗೆ ಗೊತ್ತಾಗಲ್ಲ.